ಡ್ರಾಫ್ಟ್‌ನಲ್ಲಿ ಯಾರನ್ನು ಆರಿಸಿದರೆ ರನ್ ಗೇಮ್ ಗಟ್ಟಿಯಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಏಪ್ರಿಲ್ ಕೊನೆಗೆ ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್ ಎನ್‌ಎಫ್‌ಎಲ್‌ನ ಡ್ರಾಫ್ಟ್, ಅಂದರೆ ತಂಡಗಳು ಹೊಸ ಆಟಗಾರರನ್ನು ಆರಿಸುವ ಸಮಯ ಹತ್ತಿರ ಬಂತೆಂದರೆ ಮಾತುಕತೆಯಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಒಂದೇ ಬಗೆಯ ಪ್ರಶ್ನೆಗಳು ಸುತ್ತಿ ಸುತ್ತಿ ಬರುತ್ತವೆ. ಕೇಳುವವರಲ್ಲಿ ನ್ಯೂಜೆರ್ಸಿ, ಡಲ್ಲಾಸ್ ಕಡೆಯ ಕನ್ನಡಿಗರಿದ್ದಾರೆ; ಲೀಗ್‌ನ ಫೈನಲ್ ಸೂಪರ್ ಬೌಲ್ ನೋಡಲು ಬೆಂಗಳೂರಿನಲ್ಲಿ ಸೋಮವಾರ ನಸುಕಿಗೇ ಏಳುವವರೂ ಇದ್ದಾರೆ. ಓಟದ ಆಟಕ್ಕೆ ಸಂಬಂಧಿಸಿದ ಪ್ರಶ್ನೆಗಳನ್ನಷ್ಟೇ ಇಲ್ಲಿ ಒಟ್ಟು ಮಾಡಿ, ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇನೆ.

## ಮೊದಲಿಗೆ ತಿಳಿಯಬೇಕಾದದ್ದು

ರನ್ ಗೇಮ್ ಅಂದ್ರೆ ಚೆಂಡು ಹಿಡ್ಕೊಂಡು ಓಡೋದು ತಾನೆ? ಅದರಲ್ಲಿ ಅಂಥದ್ದೇನಿದೆ?

ಚೆಂಡು ಹಿಡಿದು ಓಡುವವನು (ಸಾಮಾನ್ಯವಾಗಿ ರನ್ನಿಂಗ್ ಬ್ಯಾಕ್) ಒಬ್ಬ, ಉಳಿದ ಹತ್ತು ಜನರಲ್ಲಿ ಹೆಚ್ಚಿನವರು ಎದುರಾಳಿಗಳನ್ನು ಮೈಯೊಡ್ಡಿ ತಡೆದು, ಅಂದರೆ ಬ್ಲಾಕ್ ಮಾಡಿ, ಅವನಿಗೆ ದಾರಿ ಬಿಡಿಸುತ್ತಾರೆ. ಅವರಲ್ಲಿ ಮುಖ್ಯರು ಮುಂದಿನ ಸಾಲಿನ, ಅಂದರೆ ಲೈನ್‌ನ ಐವರು: ನಡುವೆ ಸೆಂಟರ್, ಅವನ ಎಡಬಲಕ್ಕೆ ಇಬ್ಬರು ಗಾರ್ಡ್, ತುದಿಗಳಲ್ಲಿ ಇಬ್ಬರು ಟ್ಯಾಕಲ್. ನಾಲ್ಕು ಯತ್ನಗಳಲ್ಲಿ ಹತ್ತು ಯಾರ್ಡ್ ದಾಟಿದರೆ ಚೆಂಡು ನಿಮ್ಮ ಬಳಿಯೇ ಉಳಿಯುತ್ತದೆ. ಒಂದು ಓಟಕ್ಕೆ ಸರಾಸರಿ ನಾಲ್ಕೂವರೆ ಯಾರ್ಡ್ ಬಂದರೆ ಒಳ್ಳೆಯ ರನ್ ಗೇಮ್, ಮೂರೂವರೆಗೆ ಇಳಿದರೆ ಬಡಕಲು. ನಡುವಿನ ಆ ಒಂದು ಯಾರ್ಡ್ ಬಹುಪಾಲು ಸಿಗುವುದು ಅಥವಾ ಕೈಬಿಡುವುದು ಓಡುವವನ ಮೈಗೆ ಎದುರಾಳಿಯ ಕೈ ತಾಗುವ ಮೊದಲೇ. ಮುಂದಿನ ಉತ್ತರಗಳೆಲ್ಲ ಈ ಒಂದು ಮಾತಿನ ಮೇಲೆ ನಿಂತಿವೆ.

ಡ್ರಾಫ್ಟ್ ನಮ್ಮ ಐಪಿಎಲ್ ಹರಾಜಿನ ಹಾಗೇನಾ?

ಅಲ್ಲ. ಇಲ್ಲಿ ಕೂಗಿ ಬೆಲೆ ಏರಿಸುವುದಿಲ್ಲ, ಸರದಿಯ ಪ್ರಕಾರ ಆರಿಸುತ್ತಾರೆ. 32 ತಂಡ, ಏಳು ಸುತ್ತು. ಹಿಂದಿನ ಋತುವಿನಲ್ಲಿ ತೀರಾ ಹಿಂದುಳಿದ ತಂಡಕ್ಕೆ ಮೊದಲ ಸರದಿ, ಸೂಪರ್ ಬೌಲ್ ಗೆದ್ದವರಿಗೆ ಸುತ್ತಿನ ಕೊನೆಯ ಸರದಿ. ಬರುವವರು ಕಾಲೇಜು ಆಟಗಾರರು. ಎಷ್ಟನೆಯವನಾಗಿ ಆಯ್ಕೆಯಾದ ಎಂಬುದರ ಮೇಲೆ ಸಂಬಳ ಹೆಚ್ಚುಕಡಿಮೆ ನಿಗದಿಯಾಗಿಬಿಡುತ್ತದೆ. 2011ರ ಕಾರ್ಮಿಕ ಒಪ್ಪಂದದಿಂದ ಈ ಪದ್ಧತಿ ಬಿಗಿಯಾಯಿತು. ಸರದಿಗಳನ್ನು ತಂಡಗಳು ತಮ್ಮತಮ್ಮಲ್ಲೇ ಕೊಟ್ಟು ತೆಗೆದುಕೊಳ್ಳಬಹುದು.

ಈಗೆಲ್ಲ ಪಾಸ್ ಆಟವೇ ಅಲ್ವಾ? ಓಟಕ್ಕೆ ಯಾಕೆ ಡ್ರಾಫ್ಟ್ ಸರದಿ ಖರ್ಚು ಮಾಡಬೇಕು?

ಪಾಸ್, ಅಂದರೆ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಮುಂದಕ್ಕೆ ಎಸೆಯುವುದು, ಹೆಚ್ಚಾಗಿದೆ ಎಂಬ ಕಾರಣಕ್ಕೇ. ದೂರದ ಪಾಸ್‌ಗೆ ಹೆದರಿ ರಕ್ಷಣಾ ತಂಡಗಳು ಸೇಫ್ಟಿ ಎನ್ನುವ ಇಬ್ಬರು ಕಾವಲುಗಾರರನ್ನು ತೀರಾ ಹಿಂದೆ ನಿಲ್ಲಿಸುತ್ತವೆ, ಮುಂದಿನ ಸಾಲಿನ ಬೆನ್ನಿಗೆ ನಿಲ್ಲುವ ದಪ್ಪ ಲೈನ್‌ಬ್ಯಾಕರ್‌ನನ್ನು ತೆಗೆದು ಹಗುರ ಮೈಯವನನ್ನು ಇಳಿಸುತ್ತವೆ. ಮುಂದೆ ಜನ ಕಡಿಮೆ, ಇರುವವರೂ ಹಗುರ. ಅಂಥವರ ಎದುರು 140 ಕಿಲೋ ತೂಗುವ ಐವರು ಮುನ್ನುಗ್ಗಿದರೆ ಓಟ ಸಲೀಸು. 2024ರ ಫಿಲಡೆಲ್ಫಿಯಾ ಈಗಲ್ಸ್ ಹೀಗೆ ಆಡಿಯೇ ಸೂಪರ್ ಬೌಲ್ ತನಕ ಹೋಗಿ ಕಾನ್ಸಾಸ್ ಸಿಟಿ ಚೀಫ್ಸ್ ತಂಡವನ್ನು 40-22ರಿಂದ ಸೋಲಿಸಿತು.

## ಯಾರನ್ನು ಆರಿಸಬೇಕು

ಓಟ ಸರಿಯಿಲ್ಲ ಅಂದ್ರೆ ಒಳ್ಳೆ ರನ್ನಿಂಗ್ ಬ್ಯಾಕ್ ಒಬ್ಬನನ್ನ ತಗೊಂಡ್ರೆ ಮುಗೀತಲ್ವಾ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಉತ್ತರಕ್ಕೆ ಸೇಕ್ವಾನ್ ಬಾರ್ಕ್ಲಿಯ ಕಥೆ ಸಾಕು.

2018ರ ಡ್ರಾಫ್ಟ್‌ನಲ್ಲಿ ನ್ಯೂಯಾರ್ಕ್ ಜೈಂಟ್ಸ್ ಅವನನ್ನು ಎರಡನೆಯ ಸರದಿಯಲ್ಲೇ ಆರಿಸಿತು. ತೊಡೆಗಳಲ್ಲಿ ಅಸಾಧ್ಯ ಬಲ, ಅದರ ಜತೆಗೆ ವೇಗ. ಮೊದಲ ವರ್ಷವೇ 1,307 ಯಾರ್ಡ್ ಓಡಿ ಹೊಸಬರ ಪ್ರಶಸ್ತಿ ಗೆದ್ದ. ಆದರೆ ತಂಡ ಗೆದ್ದದ್ದು ಐದು ಪಂದ್ಯ, ಸೋತದ್ದು ಹನ್ನೊಂದು. 2020ರಲ್ಲಿ ಮೊಣಕಾಲಿನ ಪೆಟ್ಟು. 2023ರಲ್ಲಿ ಅವನ ಓಟ 962 ಯಾರ್ಡ್, ಸರಾಸರಿ ನಾಲ್ಕು ಯಾರ್ಡ್‌ಗೂ ಕಡಿಮೆ. ಬಹಳ ಸಲ ಅವನ ಕೈಗೆ ಚೆಂಡು ಬರುವ ಹೊತ್ತಿಗೆ ಎದುರಾಳಿಯೂ ಅಲ್ಲಿಗೆ ಬಂದಿರುತ್ತಿದ್ದ.

2024ರ ಮಾರ್ಚ್‌ನಲ್ಲಿ ಒಪ್ಪಂದ ಮುಗಿಸಿ ಈಗಲ್ಸ್‌ಗೆ ಹೋದ. ಅದೇ ಬಾರ್ಕ್ಲಿ, ವಯಸ್ಸು ಇನ್ನೂ ಒಂದು ವರ್ಷ ಹೆಚ್ಚು. ಆ ಋತುವಿನಲ್ಲಿ 2,005 ಯಾರ್ಡ್, ಸರಾಸರಿ 5.8. ನಾಕೌಟ್ ಪಂದ್ಯಗಳನ್ನೂ ಸೇರಿಸಿದರೆ 2,504, ಎನ್‌ಎಫ್‌ಎಲ್ ದಾಖಲೆ. ಓಡುವವನು ಬದಲಾಗಲಿಲ್ಲ, ಅವನ ಮುಂದೆ ನಿಂತವರು ಬದಲಾದರು. ಈಗಲ್ಸ್ ಆ ಸಾಲನ್ನು ಅವನು ಬರುವುದಕ್ಕೆ ಹತ್ತು ವರ್ಷ ಮೊದಲಿನಿಂದಲೇ ಡ್ರಾಫ್ಟ್‌ನಲ್ಲಿ ಒಬ್ಬೊಬ್ಬರಾಗಿ ಕೂಡಿಸುತ್ತ ಬಂದಿತ್ತು. ಬಲ ಟ್ಯಾಕಲ್ ಲೇನ್ ಜಾನ್ಸನ್ 2013ರ ನಾಲ್ಕನೆಯ ಆಯ್ಕೆ. ಎಡ ಗಾರ್ಡ್ ಲ್ಯಾಂಡನ್ ಡಿಕರ್ಸನ್ 2021ರ ಎರಡನೆಯ ಸುತ್ತಿನವನು. ಕಾಲೇಜಿನ ಕೊನೆಯಲ್ಲಿ ಮೊಣಕಾಲು ಹರಿದುಕೊಂಡಿದ್ದರಿಂದ ಬೇರೆಯವರು ಹಿಂಜರಿದಿದ್ದರು. ಸೆಂಟರ್ ಕ್ಯಾಮ್ ಜರ್ಗನ್ಸ್ 2022ರ ಎರಡನೆಯ ಸುತ್ತು; ಹಿರಿಯ ಸೆಂಟರ್ ಜೇಸನ್ ಕೆಲ್ಸಿ ಇನ್ನೂ ಆಡುತ್ತಿರುವಾಗಲೇ ಅವನ ಜಾಗಕ್ಕೆ ತಂದವನು. ಕೆಲ್ಸಿ 2024ರಲ್ಲಿ ನಿವೃತ್ತನಾದಾಗ ಸಾಲು ಅಲುಗಾಡಲಿಲ್ಲ. ರನ್ನಿಂಗ್ ಬ್ಯಾಕ್ ಬೇಕೇ ಬೇಕು, ಆದರೆ ಕೊನೆಗೆ ಬರಲಿ ಎಂದು ನಾನು ಹೇಳುವುದು ಇದಕ್ಕೇ.

ಒಬ್ಬ ಬಾರ್ಕ್ಲಿ ಉದಾಹರಣೆ ಇಟ್ಕೊಂಡು ಹೇಳಿದ್ರೆ ಹೇಗೆ? ಬೇರೆ ಪುರಾವೆ ಇದೆಯಾ?

ಇದೆ. ಡಲ್ಲಾಸ್ ಕೌಬಾಯ್ಸ್ 2011ರಲ್ಲಿ ಟ್ಯಾಕಲ್ ಟೈರನ್ ಸ್ಮಿತ್, 2013ರಲ್ಲಿ ಸೆಂಟರ್ ಟ್ರಾವಿಸ್ ಫ್ರೆಡರಿಕ್, 2014ರಲ್ಲಿ ಝ್ಯಾಕ್ ಮಾರ್ಟಿನ್ ಹೀಗೆ ಮೂರು ಮೊದಲ ಸುತ್ತಿನ ಸರದಿಗಳನ್ನು ಲೈನ್‌ಗೆ ಹಾಕಿತು. 2014ರಲ್ಲಿ ಅವರ ಹಿಂದೆ ಓಡಿದ ಡಿಮಾರ್ಕೊ ಮುರ್ರೆ 1,845 ಯಾರ್ಡ್ ಗಳಿಸಿ ಲೀಗ್‌ಗೇ ಮೊದಲಿಗನಾದ. ಮರುವರ್ಷ ಹೆಚ್ಚಿನ ಹಣಕ್ಕೆ ಈಗಲ್ಸ್ ಸೇರಿದ, ಅಲ್ಲಿ ಓಡಿದ್ದು 702 ಯಾರ್ಡ್. ಇತ್ತ ಅವನು ಬಿಟ್ಟ ಜಾಗದಲ್ಲಿ, ಓಕ್‌ಲ್ಯಾಂಡ್‌ನಲ್ಲಿ ಗಾಯಗಳಿಂದ ಸೊರಗಿ ಬಂದಿದ್ದ ಡ್ಯಾರೆನ್ ಮೆಕ್‌ಫ್ಯಾಡನ್ 1,089 ಯಾರ್ಡ್ ಓಡಿದ.

ಇನ್ನೂ ಹಿಂದಕ್ಕೆ ಹೋದರೆ ಡೆನ್ವರ್ ಬ್ರಾಂಕೋಸ್. 1995ರ ಆರನೆಯ ಸುತ್ತಿನಲ್ಲಿ, 196ನೆಯವನಾಗಿ ಸಿಕ್ಕ ಟೆರೆಲ್ ಡೇವಿಸ್ 1998ರಲ್ಲಿ 2,008 ಯಾರ್ಡ್ ಓಡಿದ. 1999ರಲ್ಲಿ ಅವನ ಮೊಣಕಾಲು ಕೈಕೊಟ್ಟಿತು. ನಾಲ್ಕನೆಯ ಸುತ್ತಿನ ಹೊಸ ಹುಡುಗ ಒಲಾಂಡಿಸ್ ಗ್ಯಾರಿ 1,159 ಓಡಿದ. 2000ದಲ್ಲಿ ಆರನೆಯ ಸುತ್ತಿನ ಮೈಕ್ ಆಂಡರ್ಸನ್ 1,487. ಡೇವಿಸ್ ನಿಜಕ್ಕೂ ಅಪರೂಪದವನು, ಹಾಲ್ ಆಫ್ ಫೇಮ್‌ಗೆ ಅರ್ಹನೇ. ಆದರೆ ಮೂವರಿಗೂ ಹಾಗೆ ದಾರಿ ತೆರೆದದ್ದು ಕೋಚ್ ಮೈಕ್ ಶಾನಹನ್ ಮತ್ತು ಲೈನ್ ಕೋಚ್ ಅಲೆಕ್ಸ್ ಗಿಬ್ಸ್ ಕಟ್ಟಿದ ಬ್ಲಾಕಿಂಗ್.

ಲೈನ್‌ನವರು ನಿಜವಾಗಿ ಮಾಡೋದೇನು? ಟಿವಿಯಲ್ಲಿ ಬರೀ ತಳ್ಳಾಟ ಕಾಣುತ್ತೆ.

ಮುಂದಿನ ಪಂದ್ಯದಲ್ಲಿ ಚೆಂಡನ್ನು ಬಿಟ್ಟು ಸೆಂಟರ್ ಮತ್ತು ಬಲ ಗಾರ್ಡ್ ಇಬ್ಬರನ್ನೇ ನೋಡಿ. ಅವರಿಬ್ಬರ ನಡುವಿನ ಸಂದಿಗೆ ಎದುರಾಗಿ ರಕ್ಷಣಾ ತಂಡದ ಒಬ್ಬ ಭಾರಿ ಡಿಫೆನ್ಸಿವ್ ಟ್ಯಾಕಲ್ (ನಮ್ಮ ಲೈನ್‌ನ ಟ್ಯಾಕಲ್ ಬೇರೆ, ಇವನು ಬೇರೆ) ಕೈಯೂರಿ ಕುಳಿತಿರುತ್ತಾನೆ. ಅವನ ಹಿಂದೆ ನಾಲ್ಕೈದು ಯಾರ್ಡ್ ದೂರದಲ್ಲಿ ಲೈನ್‌ಬ್ಯಾಕರ್. ಚೆಂಡು ಚಲಿಸಿದ ಕ್ಷಣ ಸೆಂಟರ್, ಗಾರ್ಡ್ ಇಬ್ಬರೂ ಅರ್ಧ ಹೆಜ್ಜೆ ಬಲಕ್ಕಿಟ್ಟು, ಸೊಂಟಕ್ಕೆ ಸೊಂಟ ತಾಗಿಸಿ ಆ ಟ್ಯಾಕಲ್‌ನನ್ನು ಹಿಂದಕ್ಕೆ ನೂಕುತ್ತಾರೆ. ಆದರೆ ಕಣ್ಣು ಅವನ ಮೇಲಿಲ್ಲ, ಹಿಂದಿನ ಲೈನ್‌ಬ್ಯಾಕರ್ ಮೇಲೆ. ಅವನು ಎಡಕ್ಕೆ ಬಂದರೆ ಸೆಂಟರ್ ಕಳಚಿಕೊಂಡು ಅವನನ್ನು ಹಿಡಿಯಬೇಕು, ಬಲಕ್ಕೆ ಬಂದರೆ ಗಾರ್ಡ್. ಉಳಿದವನು ಅಷ್ಟರಲ್ಲಿ ಟ್ಯಾಕಲ್‌ನ ಮೈಯನ್ನು ಒಬ್ಬನೇ ಸಂಭಾಳಿಸುವಷ್ಟು ಸುತ್ತಿ ಬಂದಿರಬೇಕು.

ಬೇಗ ಕಳಚಿಕೊಂಡರೆ ಟ್ಯಾಕಲ್ ಸಂದಿಯಲ್ಲಿ ನುಗ್ಗಿ ಓಡುವವನನ್ನು ಹಿಂದೆಯೇ ಕೆಡವುತ್ತಾನೆ. ತಡವಾದರೆ ಲೈನ್‌ಬ್ಯಾಕರ್ ಬಂದು ದಾರಿ ಮುಚ್ಚುತ್ತಾನೆ. ಎರಡು ಸೆಕೆಂಡಿನೊಳಗೆ, ಮಾತಿಲ್ಲದೆ, ಇಬ್ಬರಿಗೂ ಒಂದೇ ತೀರ್ಮಾನ ಹೊಳೆಯಬೇಕು. ಡ್ರಾಫ್ಟ್‌ನಲ್ಲಿ ಲೈನ್‌ಮನ್‌ನನ್ನು ಅಳೆಯುವಾಗ ಬರೀ ಬಲವನ್ನು ನೋಡಿದರೆ ಸಾಲದು ಎನ್ನುವುದು ಈ ಕಾರಣಕ್ಕೆ. ಜತೆಗೆ ಆಡಿ ಆಡಿ ಪಳಗಿದ ಐವರನ್ನು ಮುಕ್ತ ಮಾರುಕಟ್ಟೆಯಲ್ಲಿ ಒಟ್ಟಿಗೆ ಕೊಳ್ಳಲಾಗುವುದಿಲ್ಲ. ಡ್ರಾಫ್ಟ್‌ನಲ್ಲಿ ತಂದು ಒಂದೆಡೆ ಬೆಳೆಸಬೇಕು.

ಐದು ಜನರಲ್ಲಿ ಮೊದಲು ಯಾರನ್ನ ಆರಿಸಬೇಕು? ಟ್ಯಾಕಲ್, ಗಾರ್ಡ್, ಸೆಂಟರ್?

ಪಾಸ್ ರಕ್ಷಣೆಯ ದೃಷ್ಟಿಯಿಂದ ಎಲ್ಲರೂ ಟ್ಯಾಕಲ್ ಹಿಂದೆ ಬೀಳುತ್ತಾರೆ, ಆದ್ದರಿಂದ ಒಳ್ಳೆಯ ಟ್ಯಾಕಲ್‌ಗಳು ಬೇಗ ಖಾಲಿಯಾಗುತ್ತಾರೆ. ಓಟ ಮಾತ್ರ ಬಹಳಷ್ಟು ನಡುವಿನ ಮೂವರ ಮೇಲೆ ನಿಂತಿದೆ. ಗಾರ್ಡ್, ಸೆಂಟರ್‌ಗಳು ಸಾಮಾನ್ಯವಾಗಿ ಸ್ವಲ್ಪ ತಡವಾಗಿ ಹೋಗುವುದರಿಂದ ಅಲ್ಲಿ ಲಾಭವಿದೆ. ಕಾಲೇಜಿನಲ್ಲಿ ಟ್ಯಾಕಲ್ ಆಡಿ, ತೋಳು ಗಿಡ್ಡ ಎಂಬ ಕಾರಣಕ್ಕೆ ಗಾರ್ಡ್ ಆಗಿ ಮಿಂಚಿದವರೂ ಉಂಟು. ಮೇಲೆ ಹೇಳಿದ ಝ್ಯಾಕ್ ಮಾರ್ಟಿನ್ ಅಂಥವನೇ. 2014ರಲ್ಲಿ ಡಲ್ಲಾಸ್ ಅಭಿಮಾನಿಗಳ ಬಾಯಲ್ಲಿ ಕ್ವಾರ್ಟರ್‌ಬ್ಯಾಕ್ ಜಾನಿ ಮ್ಯಾನ್‌ಝೆಲ್ ಹೆಸರಿತ್ತು, ತಂಡ ಮಾರ್ಟಿನ್‌ನನ್ನು ಆರಿಸಿತು. ಆ ತಂಡದ ಅತ್ಯುತ್ತಮ ತೀರ್ಮಾನಗಳಲ್ಲಿ ಅದೊಂದು ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಟೈಟ್ ಎಂಡ್, ಫುಲ್‌ಬ್ಯಾಕ್ ಇವರಿಂದ ಓಟಕ್ಕೆ ಏನಾದ್ರೂ ಉಪಯೋಗ ಇದೆಯಾ?

ತುಂಬ ಇದೆ, ಅದೂ ಅಗ್ಗಕ್ಕೆ. ಟೈಟ್ ಎಂಡ್ ಲೈನ್‌ನ ತುದಿಯಲ್ಲಿ ನಿಂತು ಬ್ಲಾಕ್ ಮಾಡುವ, ಪಾಸನ್ನೂ ಹಿಡಿಯುವ ಆಟಗಾರ; ಫುಲ್‌ಬ್ಯಾಕ್ ಓಡುವವನ ಮುಂದೆ ನುಗ್ಗಿ ದಾರಿ ಬಿಡಿಸುವವನು. ಸ್ಯಾನ್ ಫ್ರಾನ್ಸಿಸ್ಕೊದ ಜಾರ್ಜ್ ಕಿಟಲ್ 2017ರ ಐದನೆಯ ಸುತ್ತಿನ ಆಯ್ಕೆ. ಪಾಸ್ ಹಿಡಿಯುವಷ್ಟೇ ಹುರುಪಿನಿಂದ ಬ್ಲಾಕ್ ಮಾಡುತ್ತಾನೆ. ಅದೇ ತಂಡದ ಫುಲ್‌ಬ್ಯಾಕ್ ಕೈಲ್ ಯೂಸ್‌ಚೆಕ್‌ನನ್ನು 2013ರಲ್ಲಿ ಬಾಲ್ಟಿಮೋರ್ ನಾಲ್ಕನೆಯ ಸುತ್ತಿನಲ್ಲಿ ತಂದಿತ್ತು. ಇಂಥ ಇಬ್ಬರಿದ್ದರೆ ಓಟವೋ ಪಾಸೋ ಎಂದು ಎದುರಾಳಿಗೆ ಮೊದಲೇ ಊಹಿಸಲಾಗದು.

## ಯಾವ ಸುತ್ತಿನಲ್ಲಿ, ಯಾವ ಬೆಲೆಗೆ

ಮೊದಲ ಸುತ್ತಿನಲ್ಲಿ ರನ್ನಿಂಗ್ ಬ್ಯಾಕ್ ತಗೊಳ್ಳೋದು ದಡ್ಡತನ ಅಂತಾರಲ್ಲ, ನಿಜವಾ?

ಯಾವಾಗಲೂ ಅಲ್ಲ. 2013ರಲ್ಲಿ, 1963ರ ನಂತರ ಮೊದಲ ಸಲ, ಮೊದಲ ಸುತ್ತಿನಲ್ಲಿ ಒಬ್ಬ ರನ್ನಿಂಗ್ ಬ್ಯಾಕ್ ಕೂಡ ಆಯ್ಕೆಯಾಗಲಿಲ್ಲ. 2014ರಲ್ಲೂ ಅದೇ ಆಯಿತು. ದಡ್ಡತನ ಎಂಬ ಮಾತು ಗಟ್ಟಿಯಾದದ್ದು ಆಗ. ಆದರೆ 2016ರಲ್ಲಿ ಡಲ್ಲಾಸ್ ನಾಲ್ಕನೆಯ ಸರದಿಯಲ್ಲಿ ಎಝಿಕಿಯಲ್ ಎಲಿಯಟ್‌ನನ್ನು ತಂದಿತು. ಲೈನ್ ಸಿದ್ಧವಿತ್ತು, ಅವನು ಮೊದಲ ವರ್ಷವೇ 1,631 ಯಾರ್ಡ್ ಓಡಿದ, ತಂಡ 13 ಪಂದ್ಯ ಗೆದ್ದಿತು. ನಾಲ್ಕನೆಯ ಸುತ್ತಿನ ಹೊಸ ಕ್ವಾರ್ಟರ್‌ಬ್ಯಾಕ್ ಡ್ಯಾಕ್ ಪ್ರೆಸ್ಕಾಟ್‌ನ ಹೆಗಲ ಮೇಲಿನ ಭಾರವನ್ನು ಆ ಓಟ ಬಹಳ ಇಳಿಸಿತು. ಅದೇ ಡ್ರಾಫ್ಟ್‌ನಲ್ಲಿ 45ನೆಯವನಾಗಿ ಟೆನೆಸ್ಸಿಗೆ ಸಿಕ್ಕ ಡೆರಿಕ್ ಹೆನ್ರಿ ಮುಂದೆ 2020ರಲ್ಲಿ 2,027 ಯಾರ್ಡ್ ಓಡಿದ್ದನ್ನೂ ಮರೆಯಬಾರದು.

ಡೆಟ್ರಾಯಿಟ್ ಲಯನ್ಸ್ ಲೆಕ್ಕ ನನಗೆ ಹೆಚ್ಚು ಹಿಡಿಸುತ್ತದೆ. 2016ರಲ್ಲಿ ಟ್ಯಾಕಲ್ ಟೇಲರ್ ಡೆಕರ್, 2018ರಲ್ಲಿ ಸೆಂಟರ್ ಫ್ರ್ಯಾಂಕ್ ರ‍್ಯಾಗ್ನೋ, 2021ರಲ್ಲಿ ಟ್ಯಾಕಲ್ ಪೆನೆ ಸೂವೆಲ್, ಮೂವರೂ ಮೊದಲ ಸುತ್ತಿನವರು. 2023ರಲ್ಲಿ 12ನೆಯವನಾಗಿ ಜಮೀರ್ ಗಿಬ್ಸ್‌ನನ್ನು ಕರೆದಾಗ ಬೇಗವಾಯಿತೆಂದು ಅನೇಕರು ಬೈದರು. ಅವನು 2024ರಲ್ಲಿ 1,412 ಯಾರ್ಡ್ ಓಡಿದ. ನೆಲ ಹದ ಮಾಡಿ ಬಿತ್ತಿದ ಬೀಜ ಅದು. ಲೈನ್ ಇಲ್ಲದ ತಂಡವೊಂದು ಹತ್ತರೊಳಗಿನ ಸರದಿಯನ್ನು ಓಡುವವನಿಗೆ ಕೊಟ್ಟರೆ ಮಾತ್ರ ನನಗೆ ಸಂಕಟವಾಗುತ್ತದೆ. ಆ ಹುಡುಗನ ಒಳ್ಳೆಯ ವರ್ಷಗಳು ಪೆಟ್ಟು ತಿನ್ನುವುದರಲ್ಲೇ ಸವೆಯುತ್ತವೆ.

ಸಂಬಳದ ಲೆಕ್ಕ ಓಡುವವನಿಗೆ ಬೇರೆ, ಲೈನ್‌ನವನಿಗೆ ಬೇರೆ ಯಾಕೆ?

ವಯಸ್ಸಿನ ಕಾರಣಕ್ಕೆ. ಡ್ರಾಫ್ಟ್ ಆದವನ ಮೊದಲ ಒಪ್ಪಂದ ನಾಲ್ಕು ವರ್ಷ. ಮೊದಲ ಸುತ್ತಿನವನಾದರೆ ಐದನೆಯ ವರ್ಷವನ್ನು ಸೇರಿಸುವ ಹಕ್ಕು ತಂಡಕ್ಕಿದೆ. ರನ್ನಿಂಗ್ ಬ್ಯಾಕ್ ಬಹಳ ಸಲ ತನ್ನ ಅತ್ಯುತ್ತಮ ಆಟವನ್ನು ಈ ಅವಧಿಯಲ್ಲೇ ಮುಗಿಸಿರುತ್ತಾನೆ. ಲೈನ್‌ಮನ್ ಮೂವತ್ತು ದಾಟಿದರೂ ಆಡುತ್ತಾನೆ. ಎಲಿಯಟ್‌ಗೆ 2019ರಲ್ಲಿ ಆರು ವರ್ಷಕ್ಕೆ 9 ಕೋಟಿ ಡಾಲರ್‌ನ ಹೊಸ ಒಪ್ಪಂದ ಸಿಕ್ಕಿತು, 2023ರ ಮಾರ್ಚ್‌ನಲ್ಲಿ ಡಲ್ಲಾಸ್ ಅವನನ್ನು ಕೈಬಿಟ್ಟಿತು. ಮೂವತ್ತರ ಹೆನ್ರಿ 2024ರಲ್ಲಿ ಬಾಲ್ಟಿಮೋರ್‌ಗೆ 1,921 ಯಾರ್ಡ್ ಓಡಿದ್ದು ಅಪವಾದ. ಅದನ್ನು ನಂಬಿ ಯೋಜನೆ ಹಾಕಬಾರದು.

ಕೊನೇ ಸುತ್ತುಗಳಲ್ಲಿ ಒಳ್ಳೆಯವರು ಸಿಗ್ತಾರಾ?

ಸಿಗುತ್ತಾರೆ, ಕಾಯುವ ತಾಳ್ಮೆ ಇದ್ದರೆ. ಜೇಸನ್ ಕೆಲ್ಸಿ 2011ರಲ್ಲಿ 191ನೆಯವನು. ದೊಡ್ಡ ಮೈಯಲ್ಲ, ಆದರೆ ಸೆಂಟರ್ ಜಾಗದಿಂದ ಎದ್ದು ಓಡಿ ಬ್ಲಾಕ್ ಮಾಡುವ ಚುರುಕಿತ್ತು.

ಈಗಲ್ಸ್‌ನ ಎಡ ಟ್ಯಾಕಲ್ ಜೋರ್ಡನ್ ಮೈಲಾಟ 2018ರ ಏಳನೆಯ ಸುತ್ತಿನಲ್ಲಿ, 233ನೆಯವನಾಗಿ ಬಂದ ಆಸ್ಟ್ರೇಲಿಯಾದ ರಗ್ಬಿ ಹುಡುಗ. ಅಮೆರಿಕನ್ ಫುಟ್‌ಬಾಲ್ ಪಂದ್ಯ ಒಂದನ್ನೂ ಆಡಿರಲಿಲ್ಲ. ಆರಡಿ ಎಂಟಂಗುಲ ಎತ್ತರ, ಅಷ್ಟು ದೊಡ್ಡ ಮೈಗೆ ನಂಬಲಾಗದ ವೇಗ. ಲೈನ್ ಕೋಚ್ ಜೆಫ್ ಸ್ಟೌಟ್‌ಲ್ಯಾಂಡ್ ಕೈ ಇಡುವುದು, ಕಾಲು ಇಡುವುದರಿಂದ ಹಿಡಿದು ಎಲ್ಲವನ್ನೂ ಕಲಿಸಿದರು. ಮೈಲಾಟ ಮೊದಲ ಬಾರಿಗೆ ಲೀಗ್ ಪಂದ್ಯಕ್ಕೆ ಇಳಿದದ್ದು 2020ರಲ್ಲಿ. ಎರಡು ಋತು ಒಬ್ಬ ಆಟಗಾರನನ್ನು ಆಡಿಸದೆ ಸಾಕಿದ ತಂಡವನ್ನು ಮೆಚ್ಚಬೇಕು. ಇಂಥ ಕೋಚ್ ಇಲ್ಲದಿದ್ದರೆ ಕೊನೆಯ ಸುತ್ತಿನ ಲೈನ್‌ಮನ್‌ಗಳು ಬಂದ ಹಾಗೆಯೇ ಹೋಗುತ್ತಾರೆ.

ಸರದಿ ಬಿಟ್ಟುಕೊಟ್ಟು ಹಿಂದಕ್ಕೆ ಹೋಗೋದ್ರಿಂದ ಲಾಭವಾ? ಯಾರಾದ್ರೂ ಹಾಗೆ ಮಾಡಿ ಗೆದ್ದಿದ್ದಾರಾ?

2018ರಲ್ಲಿ ಇಂಡಿಯಾನಾಪೊಲಿಸ್ ಕೋಲ್ಟ್ಸ್ ತನ್ನ ಮೂರನೆಯ ಸರದಿಯನ್ನು ನ್ಯೂಯಾರ್ಕ್ ಜೆಟ್ಸ್‌ಗೆ ಕೊಟ್ಟು, ಆರನೆಯದರ ಜತೆಗೆ ಎರಡನೆಯ ಸುತ್ತಿನ ಮೂರು ಸರದಿಗಳನ್ನು ಪಡೆಯಿತು. ಅವುಗಳಲ್ಲಿ ಒಂದು ಮರುವರ್ಷದ್ದು. ಆರನೆಯದರಲ್ಲಿ ಗಾರ್ಡ್ ಕ್ವೆಂಟನ್ ನೆಲ್ಸನ್, 37ನೆಯದರಲ್ಲಿ ಬ್ರೇಡನ್ ಸ್ಮಿತ್. ಒಂದೇ ಕೊಡುಕೊಳ್ಳುವಿಕೆಯಲ್ಲಿ ಸಾಲಿನ ಇಬ್ಬರು! 2020ರಲ್ಲಿ 41ನೆಯವನಾಗಿ ಬಂದ ಜೊನಾಥನ್ ಟೇಲರ್ 2021ರಲ್ಲಿ 1,811 ಯಾರ್ಡ್ ಓಡಿ ಲೀಗ್‌ನಲ್ಲಿ ಮೊದಲಿಗನಾದ.

ವಿರುದ್ಧದ ಪಾಠ 1999ರದ್ದು. ನ್ಯೂ ಆರ್ಲಿಯನ್ಸ್ ಸೇಂಟ್ಸ್ ರಿಕಿ ವಿಲಿಯಮ್ಸ್ ಒಬ್ಬನಿಗಾಗಿ ಆ ವರ್ಷದ ತನ್ನ ಎಲ್ಲ ಸರದಿಗಳನ್ನೂ ಮುಂದಿನ ವರ್ಷದ ಎರಡನ್ನೂ ಕೊಟ್ಟಿತು. ವಿಲಿಯಮ್ಸ್ ಒಳ್ಳೆಯ ಆಟಗಾರನೇ, ಅವನಿಗೆ ದಾರಿ ಬಿಡಿಸುವವರನ್ನು ತರಲು ತಂಡದ ಕೈಯಲ್ಲಿ ಏನೂ ಉಳಿಯಲಿಲ್ಲ. ಆ ಋತುವಿನಲ್ಲಿ ಸೇಂಟ್ಸ್ ಗೆದ್ದದ್ದು ಮೂರೇ ಪಂದ್ಯ.

## ಇನ್ನೂ ಒಳಕ್ಕೆ ಹೋದರೆ

ಝೋನ್, ಗ್ಯಾಪ್ ಅಂತ ಏನೇನೋ ಹೇಳ್ತಾರೆ. ಅದಕ್ಕೂ ಡ್ರಾಫ್ಟ್‌ಗೂ ಏನು ಸಂಬಂಧ?

ನೇರ ಸಂಬಂಧ. ಝೋನ್ ಬ್ಲಾಕಿಂಗ್‌ನಲ್ಲಿ ಐವರೂ ಒಂದೇ ದಿಕ್ಕಿಗೆ ಸರಿಯುತ್ತಾರೆ, ತನ್ನ ಪಾಲಿನ ಜಾಗಕ್ಕೆ ಯಾರು ಬಂದರೂ ತಡೆಯುತ್ತಾರೆ. ಅದಕ್ಕೆ ಬೇಕಾದ್ದು ಚುರುಕು ಕಾಲು. ಡೆನ್ವರ್ ಆಗಿನ ಕಾಲಕ್ಕೆ ಹಗುರವೆನಿಸುವ ಲೈನ್‌ಮನ್‌ಗಳನ್ನು ಇಟ್ಟುಕೊಂಡಿದ್ದೇ ಇದಕ್ಕೆ. ಗ್ಯಾಪ್ ಪದ್ಧತಿಯಲ್ಲಿ ಒಂದು ಬದಿಯವರು ಎದುರಾಳಿಗಳನ್ನು ಒಳಕ್ಕೆ ಒತ್ತುತ್ತಾರೆ, ಇನ್ನೊಂದು ಬದಿಯ ಗಾರ್ಡ್ ಹಿಂದಿನಿಂದ ಸುತ್ತಿ ಬಂದು ಸಂದಿಯಲ್ಲಿ ನುಗ್ಗುತ್ತಾನೆ. ಅಲ್ಲಿ ತೂಕ, ಬಲ ಹೆಚ್ಚು ಮುಖ್ಯ. ಓಡುವವನಿಗೂ ವ್ಯತ್ಯಾಸವಿದೆ: ಝೋನ್‌ನಲ್ಲಿ ಎಲ್ಲಿ ಸಂದಿ ತೆರೆದರೆ ಅಲ್ಲಿಗೆ ಒಂದೇ ಹೆಜ್ಜೆಯಲ್ಲಿ ತಿರುಗಬೇಕು, ಗ್ಯಾಪ್‌ನಲ್ಲಿ ಸುತ್ತಿ ಬರುವ ಗಾರ್ಡ್‌ಗಾಗಿ ಒಂದು ಕ್ಷಣ ತಾಳಬೇಕು. ಕೋಚ್‌ನ ಪದ್ಧತಿ ಒಂದು, ಡ್ರಾಫ್ಟ್ ಮಾಡುವವರ ರುಚಿ ಇನ್ನೊಂದು ಆದರೆ ಒಳ್ಳೆಯ ಆಟಗಾರನೂ ಕಳಪೆಯಂತೆ ಕಾಣುತ್ತಾನೆ. ಕೋಚ್‌ಗಳನ್ನು ಪದೇ ಪದೇ ಬದಲಿಸುವ ತಂಡಗಳ ಲೈನ್ ಯಾಕೆ ನೆಟ್ಟಗಾಗುವುದಿಲ್ಲ ಎಂಬುದಕ್ಕೂ ಬಹುಮಟ್ಟಿಗೆ ಇದೇ ಕಾರಣ.

40 ಯಾರ್ಡ್ ಓಟದ ಸಮಯವನ್ನ ಎಷ್ಟು ನಂಬಬೇಕು?

ಸ್ವಲ್ಪವೇ. 2008ರಲ್ಲಿ ಇಂಡಿಯಾನಾಪೊಲಿಸ್‌ನ ಕಾಂಬೈನ್‌ನಲ್ಲಿ, ಅಂದರೆ ಡ್ರಾಫ್ಟ್‌ಗೆ ಮೊದಲಿನ ದೈಹಿಕ ಪರೀಕ್ಷೆಗಳಲ್ಲಿ, ಕ್ರಿಸ್ ಜಾನ್ಸನ್ 4.24 ಸೆಕೆಂಡಿನಲ್ಲಿ ಓಡಿದ, ಮರುವರ್ಷ ಟೆನೆಸ್ಸಿಗೆ 2,006 ಯಾರ್ಡ್ ಗಳಿಸಿದ. ಎಮಿಟ್ ಸ್ಮಿತ್ ನಿಧಾನ, ಗಿಡ್ಡ ಎಂದು 1990ರಲ್ಲಿ 17ನೆಯ ಸರದಿಯವರೆಗೆ ಉಳಿದ; ವೃತ್ತಿಜೀವನದಲ್ಲಿ 18,355 ಯಾರ್ಡ್ ಓಡಿದ ಅವನ ದಾಖಲೆ ಇವತ್ತಿಗೂ ಹಾಗೇ ಇದೆ. 2012ರಲ್ಲಿ ಮೂರನೆಯವನಾಗಿ ಹೋದ ಟ್ರೆಂಟ್ ರಿಚರ್ಡ್‌ಸನ್‌ಗೆ ಬಲವೂ ಇತ್ತು, ವೇಗವೂ ಇತ್ತು, ತೆರೆದ ಸಂದಿ ಕಣ್ಣಿಗೆ ಬೀಳುತ್ತಿರಲಿಲ್ಲ. ಕಾಲೇಜಿನ ಪಂದ್ಯಗಳ ದೃಶ್ಯ ಹಾಕಿ, ಮೊದಲ ಹಿಡಿತ ತಪ್ಪಿಸಿಕೊಂಡ ಮೇಲೆ ಅವನು ಎತ್ತ ನೋಡುತ್ತಾನೆ ಎಂದು ಗಮನಿಸುವುದು ಗಡಿಯಾರಕ್ಕಿಂತ ಮೇಲು.

ಓಡೋ ಕ್ವಾರ್ಟರ್‌ಬ್ಯಾಕ್ ಇದ್ರೆ ಇದೆಲ್ಲ ಬೇಕಾಗಲ್ಲ ಅಲ್ವಾ?

ಬೇಕು, ಆದರೆ ಲೆಕ್ಕ ಸುಲಭವಾಗುತ್ತದೆ. ಸಾಮಾನ್ಯ ಓಟದಲ್ಲಿ ಚೆಂಡು ಕೊಟ್ಟ ಕ್ವಾರ್ಟರ್‌ಬ್ಯಾಕ್ ಸುಮ್ಮನೆ ನಿಲ್ಲುತ್ತಾನೆ, ರಕ್ಷಣೆಗೆ ಒಬ್ಬ ಹೆಚ್ಚಾಗುತ್ತಾನೆ. ಅವನೂ ಓಡಬಲ್ಲವನಾದರೆ ಅವನನ್ನು ಕಾಯಲು ಒಬ್ಬ ಬೇಕು. ಬಾಲ್ಟಿಮೋರ್ ರೇವನ್ಸ್ 2018ರಲ್ಲಿ ಮೊದಲ ಸುತ್ತಿನ ಕೊನೆಯ ಸರದಿಗೆ ಏರಿ ಲಮಾರ್ ಜಾಕ್ಸನ್‌ನನ್ನು ತಂದಿತು. ಅದೇ ಡ್ರಾಫ್ಟ್‌ನಲ್ಲಿ ಟ್ಯಾಕಲ್ ಒರ್ಲಾಂಡೊ ಬ್ರೌನ್, ಟೈಟ್ ಎಂಡ್‌ಗಳಾದ ಹೇಡನ್ ಹರ್ಸ್ಟ್ ಮತ್ತು ಮಾರ್ಕ್ ಆಂಡ್ರೂಸ್, ಆರನೆಯ ಸುತ್ತಿನಲ್ಲಿ ಬ್ರ್ಯಾಡ್ಲಿ ಬೋಝ್‌ಮನ್ ಕೂಡ ಬಂದರು. 2019ರಲ್ಲಿ ತಂಡ ಒಟ್ಟು 3,296 ಯಾರ್ಡ್ ಓಡಿ 1978ರ ನ್ಯೂ ಇಂಗ್ಲೆಂಡ್ ದಾಖಲೆ ಮುರಿಯಿತು, ಅದರಲ್ಲಿ ಜಾಕ್ಸನ್ ಪಾಲು 1,206. ಒಂದೇ ಡ್ರಾಫ್ಟ್ ಓಟವನ್ನು ಇಷ್ಟು ಬದಲಿಸಿದ ಉದಾಹರಣೆ ಇನ್ನೊಂದು ನನ್ನ ನೆನಪಿಗೆ ಬರುತ್ತಿಲ್ಲ.

ನಮ್ಮ ತಂಡ ಆರಿಸಿದ್ದು ಸರಿಯೋ ತಪ್ಪೋ ಅಂತ ಯಾವಾಗ ಗೊತ್ತಾಗುತ್ತೆ?

ಓಡುವವನ ಬಗ್ಗೆ ಮೊದಲ ಋತುವಿನಲ್ಲೇ ಅಂದಾಜು ಸಿಗುತ್ತದೆ. ಲೈನ್‌ಮನ್‌ಗೆ ಮೂರು ವರ್ಷ ಕೊಡಿ. ಒಟ್ಟು ಯಾರ್ಡ್ ನೋಡಿ ತೀರ್ಮಾನಿಸಬೇಡಿ. ಗೆಲ್ಲುತ್ತಿರುವ ತಂಡ ಸಮಯ ಕಳೆಯಲೆಂದೇ ಹೆಚ್ಚು ಓಡುತ್ತದೆ, ಅಂಕಿ ಉಬ್ಬುತ್ತದೆ. ಎದುರಾಳಿಯ ಕೈ ತಾಗುವ ಮೊದಲು ಎಷ್ಟು ಯಾರ್ಡ್ ಸಿಕ್ಕಿತು ಎಂಬುದನ್ನು ನೋಡಿ, ಅದು ಲೈನ್‌ನ ಅಂಕ. ತಾಗಿದ ಮೇಲೆ ಸಿಕ್ಕಿದ್ದು ಓಡುವವನದ್ದು. ಮೂರನೆಯ ಯತ್ನದಲ್ಲಿ ಒಂದೇ ಯಾರ್ಡ್ ಬೇಕಿರುವಾಗ, ಓಟವೇ ಬರುತ್ತದೆಂದು ಇಡೀ ಮೈದಾನಕ್ಕೆ ಗೊತ್ತಿರುವಾಗ ಏನಾಗುತ್ತದೆ ನೋಡಿ. ಮುಖ್ಯ ರನ್ನಿಂಗ್ ಬ್ಯಾಕ್ ಗಾಯಗೊಂಡು ಕೂತ ವಾರವಂತೂ ತಪ್ಪದೆ ನೋಡಿ. ಬದಲಿ ಹುಡುಗ ಬಂದರೂ ಸರಾಸರಿ ನಾಲ್ಕೂವರೆಯ ಆಸುಪಾಸಿನಲ್ಲೇ ಇದ್ದರೆ ನಿಮ್ಮ ತಂಡ ಡ್ರಾಫ್ಟ್‌ನಲ್ಲಿ ಲೈನ್ ಕೆಲಸವನ್ನು ಸರಿಯಾಗಿ ಮಾಡಿದೆ. ಮೂರಕ್ಕೆ ಕುಸಿದರೆ ಮುಂದಿನ ಏಪ್ರಿಲ್‌ನಲ್ಲಿ ಗಾರ್ಡ್, ಸೆಂಟರ್‌ಗಳ ಪಟ್ಟಿ ಮೊದಲು ತೆರೆಯಬೇಕು.